ಹಳೆಯ ಕಾರಿನ ಸ್ಟೇರಿಂಗಿಗೆ ಗುಜರಿಯ ಬಿಡಿಭಾಗ: ಆಯುವ, ಅಳೆಯುವ, ಜೋಡಿಸುವ ಕ್ರಮ

ಕಾರಿನ ದುರಸ್ತಿಗಳಲ್ಲಿ ಸ್ಟೇರಿಂಗಿನ ದುರಸ್ತಿಗೆ ಪ್ರತ್ಯೇಕ ಸ್ಥಾನವಿದೆ. ಏಕೆಂದರೆ ಎಂಜಿನ್ ಕೆಟ್ಟರೆ ವಾಹನ ನಿಲ್ಲುತ್ತದೆ, ಬ್ರೇಕ್ ಕೆಡುವ ಮುನ್ನ ಬಹುಮಟ್ಟಿಗೆ ಪೆಡಲ್ ಕೆಳಗಿಳಿದು ಸೂಚನೆ ಕೊಡುತ್ತದೆ, ಆದರೆ ಸ್ಟೇರಿಂಗಿನ ಒಂದೇ ಒಂದು ಕೀಲು ಕಳಚಿದರೂ ಓಡುತ್ತಿರುವ ವಾಹನದ ದಿಕ್ಕು ಚಾಲಕನ ಕೈತಪ್ಪಿಹೋಗುತ್ತದೆ. ಬಳ್ಳಾರಿಯ ಕೌಲ್ ಬಜಾರ್‌ನಂಥ ಹಳೆಯ ಬಡಾವಣೆಗಳಲ್ಲಿಯೂ ಸಿರುಗುಪ್ಪ, ಕುರುಗೋಡು ಕಡೆಯ ಊರುಗಳಲ್ಲಿಯೂ ಹದಿನೈದು, ಇಪ್ಪತ್ತು ವರ್ಷ ದಾಟಿದ ಕಾರುಗಳನ್ನು ದುರಸ್ತಿ ಮಾಡಿಸಿ ಓಡಿಸುವವರು ಇಂದಿಗೂ ಇದ್ದಾರೆ. 1983ರ ಡಿಸೆಂಬರ್ 14ರಂದು ಮೊದಲ ಗ್ರಾಹಕನ ಕೈಸೇರಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾರದ ಕಾರ್ಖಾನೆ ಅಂಬಾಸಿಡರ್ ತಯಾರಿಕೆಯನ್ನು ಕೈಬಿಟ್ಟಿತು. ಪ್ರೀಮಿಯರ್ ಪದ್ಮಿನಿಯ ಕಾಲವಂತೂ ಅದಕ್ಕೆ ಒಂದು ದಶಕಕ್ಕೂ ಮೊದಲೇ ಮುಗಿದಿತ್ತು. ಹೀಗಾಗಿ ಹಳೆಯ ಕಾರಿನ ಒಡೆಯನಿಗೆ ಒಂದಲ್ಲ ಒಂದು ದಿನ ಗುಜರಿ ಅಂಗಡಿಯ, ಅಂದರೆ ಕೆಟ್ಟ ವಾಹನಗಳನ್ನು ಬಿಚ್ಚಿ ಬಿಡಿಭಾಗಗಳನ್ನು ಮಾರುವ ಅಂಗಡಿಯ, ಬಾಗಿಲಿಗೆ ಹೋಗದೆ ವಿಧಿಯಿರುವುದಿಲ್ಲ.

ಗುಜರಿಯ ಭಾಗಗಳೆಲ್ಲವೂ ಅಪಾಯಕರವೆಂದು ತಳ್ಳಿಹಾಕುವುದು ಎಷ್ಟು ತಪ್ಪೋ, ಕಡಿಮೆ ಬೆಲೆಗೆ ಸಿಕ್ಕಿತೆಂದು ಸಿಕ್ಕಿದ್ದೆಲ್ಲವನ್ನೂ ಜೋಡಿಸುವುದು ಅದಕ್ಕಿಂತ ದೊಡ್ಡ ತಪ್ಪು. ಸ್ಟೇರಿಂಗ್ ವ್ಯವಸ್ಥೆಯಲ್ಲಿ ನಿಧಾನವಾಗಿ ಸವೆಯುವ ದಪ್ಪ ಲೋಹದ ಭಾಗಗಳೂ ಇವೆ, ಬೇಗ ಸವೆಯುವ ಕೀಲುಗಳೂ ರಬ್ಬರುಗಳೂ ಇವೆ, ಎಲ್ಲವನ್ನೂ ಬಿಗಿಹಿಡಿಯುವ ನಟ್ಟು, ಪಿನ್ನುಗಳೂ ಇವೆ. ಮೊದಲನೆಯ ಗುಂಪನ್ನು ಪರೀಕ್ಷಿಸಿ ಗುಜರಿಯಿಂದ ತರಬಹುದು. ಉಳಿದ ಎರಡೂ ಗುಂಪುಗಳು ಹೊಸದಾಗಿಯೇ ಇರಬೇಕು. ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ತಿಳಿಯಲು ವ್ಯವಸ್ಥೆಯ ರಚನೆಯನ್ನು ಮೊದಲು ಅರಿಯಬೇಕಾಗುತ್ತದೆ.

ಚಾಲಕ ಹಿಡಿಯುವ ಚಕ್ರದಿಂದ ಕೆಳಗಿಳಿಯುವ ಉಕ್ಕಿನ ದಂಡಕ್ಕೂ ಅದರ ಹೊದಿಕೆಗೂ ಒಟ್ಟಾಗಿ ಸ್ಟೇರಿಂಗ್ ಕಾಲಮ್ ಎಂದು ಹೆಸರು. ಅದರ ಕೆಳತುದಿಯಲ್ಲಿ ಓರೆಯಾಗಿಯೂ ತಿರುಗಬಲ್ಲ ಒಂದು ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್, ಇರುತ್ತದೆ. ಅಲ್ಲಿಂದ ಮುಂದೆ ಎರಡು ಬಗೆ ಕಾಣುತ್ತವೆ. ಮಾರುತಿ 800 ಮತ್ತು ಅಂಬಾಸಿಡರ್‌ಗಳಲ್ಲಿರುವುದು ರ‍್ಯಾಕ್ ಮತ್ತು ಪಿನಿಯನ್: ಕಾಲಮ್ಮಿನ ತುದಿಯ ಪುಟ್ಟ ಹಲ್ಲುಗಾಲಿಯಾದ ಪಿನಿಯನ್ ತಿರುಗಿದಾಗ ಅದಕ್ಕೆ ಕಚ್ಚಿಕೊಂಡ ಹಲ್ಲಿನ ಉಕ್ಕಿನ ಪಟ್ಟಿ, ಅಂದರೆ ರ‍್ಯಾಕ್, ಎಡಕ್ಕೋ ಬಲಕ್ಕೋ ಸರಿಯುತ್ತದೆ. ಪದ್ಮಿನಿಯಲ್ಲಿಯೂ ಹಳೆಯ ಜೀಪುಗಳಲ್ಲಿಯೂ ಇರುವುದು ಸ್ಟೇರಿಂಗ್ ಬಾಕ್ಸ್ ಎಂಬ ಎಣ್ಣೆ ತುಂಬಿದ ಪೆಟ್ಟಿಗೆ. ಅದರೊಳಗಿನ ತಿರುಪಿನಾಕಾರದ ದಂಡ ಮತ್ತೊಂದು ಅಡ್ಡದಂಡವನ್ನು ತಿರುಗಿಸಿ, ಅದರ ತುದಿಗೆ ಕೂಡಿಸಿದ ಡ್ರಾಪ್ ಆರ್ಮ್ ಎಂಬ ತೋಳನ್ನು ಆಡಿಸುತ್ತದೆ. ಎರಡೂ ಬಗೆಗಳಲ್ಲಿ ಕೊನೆಗೆ ಚಲನೆಯನ್ನು ಮುಂಗಾಲಿಗಳಿಗೆ ಒಯ್ಯುವುದು ಟೈ ರಾಡ್, ಅದರ ತುದಿಯಲ್ಲಿ ಗುಂಡು ಮತ್ತು ಬಟ್ಟಲಿನಂತೆ ಕೂತಿರುವ ಟೈ ರಾಡ್ ಎಂಡ್, ಮತ್ತು ಗಾಲಿಯನ್ನು ಹೊತ್ತಿರುವ ನಕಲ್.

ಬಳ್ಳಾರಿ ಸೀಮೆಯಲ್ಲಿ ಈ ವ್ಯವಸ್ಥೆಯ ದೊಡ್ಡ ಶತ್ರು ಧೂಳು. ಸಂಡೂರಿನ ಗಣಿಗಳ ಅದಿರು ಬಹುಪಾಲು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಇದೇ ವಸ್ತುವಿನ ನಯವಾದ ಕೆಂಪು ಪುಡಿಯನ್ನು ಬಂಗಾರದ ಒಡವೆಗಳಿಗೆ ಹೊಳಪು ಕೊಡಲು ಬಳಸುವ ರೂಢಿ ಬಹು ಹಿಂದಿನದು. ಅಂದರೆ ಲೋಹವನ್ನು ತೇಯುವುದೇ ಅದರ ಗುಣ. ಟೈ ರಾಡ್ ಎಂಡಿನ ರಬ್ಬರ್ ಟೋಪಿಯಲ್ಲಿ ಕೂದಲೆಳೆಯಷ್ಟು ಸೀಳು ಬಿದ್ದರೂ ಸಾಕು, ಒಳಗಿನ ಗ್ರೀಸಿನೊಂದಿಗೆ ಈ ಧೂಳೂ ರಸ್ತೆಯ ಮರಳೂ ಬೆರೆತು ಸಾಣೆಯ ಮುಲಾಮಿನಂತಾಗಿ, ಪ್ರತಿ ತಿರುವಿನಲ್ಲಿಯೂ ಗುಂಡನ್ನೂ ಬಟ್ಟಲನ್ನೂ ತೇಯತೊಡಗುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆಯೊಡ್ಡುವ ಮುಂಚಿನ ವರ್ಷಗಳಲ್ಲಿ ಅದಿರು ಲಾರಿಗಳ ಸಾಲಿನ ಹಿಂದೆ ಓಡಿದ ಕಾರುಗಳು ಗುಜರಿಗೆ ಬಂದಾಗ, ಹೊರಗಿನ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಅವುಗಳ ಕೀಲುಗಳನ್ನು ಅನುಮಾನದಿಂದಲೇ ನೋಡಬೇಕು. ತುಂಗಭದ್ರೆಯ ಕಾಲುವೆ ನೀರಿನ ಸಿರುಗುಪ್ಪ ಕಡೆಯ ಭತ್ತದ ಗದ್ದೆಗಳ ನಡುವೆ ಓಡಾಡಿದ ವಾಹನದಲ್ಲಿ ತೊಂದರೆ ಬೇರೆ: ಅಲ್ಲಿನ ಕರಿಮಣ್ಣಿನ ಕೆಸರು ಕಾರಿನ ಅಡಿಭಾಗಕ್ಕೆ ಮೆತ್ತಿಕೊಂಡು ತೇವವನ್ನು ಬಹುಕಾಲ ಹಿಡಿದಿಡುವುದರಿಂದ ಸವೆತಕ್ಕಿಂತ ತುಕ್ಕು ಮುಂದಾಗಿರುತ್ತದೆ. ಬೇಸಿಗೆಯ 40 ಡಿಗ್ರಿ ಮೀರುವ ಬಿಸಿಲು ಎರಡೂ ಕಡೆಯ ರಬ್ಬರನ್ನು ಒಣಗಿಸಿ ಬಿರುಕು ಬಿಡಿಸುತ್ತದೆ.

ಗುಜರಿಗೆ ಹೋಗುವ ಮೊದಲು ದೋಷ ಎಲ್ಲಿದೆಯೆಂಬುದನ್ನು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಸ್ಟೇರಿಂಗ್ ಒಂದು ಕಡೆಗೆ ಎಳೆಯುವುದಕ್ಕೂ ನಡುಗುವುದಕ್ಕೂ ಟೈರು, ಗಾಲಿಯ ಬೇರಿಂಗ್, ಸಸ್ಪೆನ್ಷನ್ನಿನ ಬುಶ್‌ಗಳೂ ಕಾರಣವಾಗಿರಬಹುದು. ಕಾರನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಿದ ಬಳಿಕ, ಮುಂಗಾಲಿಯ ಎಡಬಲ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಸಡಿಲ ಕಂಡುಬಂದರೆ ದೋಷ ಬಹುಪಾಲು ಸ್ಟೇರಿಂಗಿನ ಕೊಂಡಿಗಳಲ್ಲಿ ಇರುತ್ತದೆ; ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಮಾತ್ರ ಕಂಡುಬಂದರೆ ಬೇರಿಂಗ್ ಅಥವಾ ಸಸ್ಪೆನ್ಷನ್ನಿನ ಬಾಲ್ ಜಾಯಿಂಟನ್ನು ನೋಡಬೇಕು. ಅನಂತರ ಕಾರನ್ನು ನೆಲಕ್ಕಿಳಿಸಿ, ಮುಂಗಾಲಿಗಳನ್ನು ನೇರವಾಗಿಟ್ಟು, ಗಾಲಿ ಅಲುಗದಂತೆ ಸ್ಟೇರಿಂಗ್ ಚಕ್ರ ಎಷ್ಟು ದೂರ ಬರಿದೆ ತಿರುಗುತ್ತದೆಂಬುದನ್ನು ಅಳೆಯಬೇಕು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದೇ ‘ಪ್ಲೇ’. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮ ಈ ಸಡಿಲ 30 ಡಿಗ್ರಿ ಮೀರಬಾರದೆಂದು ಹೇಳುವುದಲ್ಲದೆ, ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕೆಂದೂ, ಬೋಲ್ಟು, ಪಿನ್ನುಗಳು ಕಳಚದಂತೆ ಬಂಧಿತವಾಗಿರಬೇಕೆಂದೂ ವಿಧಿಸುತ್ತದೆ. 38 ಸೆಂಟಿಮೀಟರ್ ಅಡ್ಡಳತೆಯ ಚಕ್ರದ ಅಂಚಿನಲ್ಲಿ 30 ಡಿಗ್ರಿ ಎಂದರೆ ಸುಮಾರು 10 ಸೆಂಟಿಮೀಟರ್. ಇದು ಕಾನೂನಿನ ಕಟ್ಟಕಡೆಯ ಎಲ್ಲೆಯೇ ಹೊರತು ಆರೋಗ್ಯವಂತ ಕಾರಿನ ಅಳತೆಯಲ್ಲ; ರ‍್ಯಾಕ್ ಬಗೆಯ ಸಣ್ಣ ಕಾರುಗಳಲ್ಲಿ ಈ ಸಡಿಲ 3 ಸೆಂಟಿಮೀಟರಿನ ಒಳಗಿರುವುದೇ ಸರಿ.

ಒಬ್ಬರು ಚಕ್ರವನ್ನು ಅತ್ತಿತ್ತ ಆಡಿಸುತ್ತಿರುವಾಗ ಇನ್ನೊಬ್ಬರು ಕೆಳಗೆ ಪ್ರತಿ ಕೀಲಿನ ಮೇಲೂ ಬೆರಳಿಟ್ಟು ನೋಡಿದರೆ, ಸವೆದ ಕೀಲು ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ‘ಟಕ್’ ಎಂದು ತಟ್ಟುತ್ತದೆ. ಹಲವು ಸಲ ಇಲ್ಲಿಯೇ ಕೆಲಸ ಮುಗಿಯುತ್ತದೆ: ಎರಡು ಹೊಸ ಟೈ ರಾಡ್ ಎಂಡ್‌ಗಳಿಂದ ಸರಿಹೋಗುವ ದೋಷಕ್ಕಾಗಿ ರ‍್ಯಾಕನ್ನೇ ಬದಲಿಸುವುದು ಅನಗತ್ಯ. ಮಾರುತಿ 800ರಂಥ ಕಾರಿಗೆ ಒಳ್ಳೆಯ ಕಂಪನಿಯ ಹೊಸ ರ‍್ಯಾಕ್ ಸಿಗುವಂತಿದ್ದರೆ ಗುಜರಿಯ ರ‍್ಯಾಕಿನ ಆಸೆಯನ್ನೇ ಬಿಡುವುದು ಲೇಸು. ಗುಜರಿ ನಿಜವಾಗಿ ಉಪಕಾರಕ್ಕೆ ಬರುವುದು ಕಾಲಮ್, ಬ್ರಾಕೆಟ್, ರ‍್ಯಾಕನ್ನು ಹಿಡಿಯುವ ಕ್ಲಾಂಪ್, ನಕಲ್, ಹಳೆಯ ಮಾದರಿಗಳ ಸ್ಟೇರಿಂಗ್ ಬಾಕ್ಸ್ ಮುಂತಾದ, ಅಂಗಡಿಯಲ್ಲಿ ಹೊಸದಾಗಿ ಸಿಗದ ಭಾಗಗಳಿಗೆ.

ಗುಜರಿಯಲ್ಲಿ ಬಿಚ್ಚಿಟ್ಟ ರಾಶಿಯಿಂದ ಭಾಗವನ್ನು ಎತ್ತಿಕೊಳ್ಳುವುದಕ್ಕಿಂತ, ಇನ್ನೂ ಬಿಚ್ಚದ ವಾಹನದಲ್ಲಿಯೇ ಅದನ್ನು ನೋಡುವುದು ಹೆಚ್ಚು ಉಪಯುಕ್ತ. ರಾಶಿಯಲ್ಲಿ ಬಿದ್ದ ರ‍್ಯಾಕ್ ತನ್ನ ಪೂರ್ವಕಥೆಯನ್ನು ಹೇಳಲಾರದು. ವಾಹನದಲ್ಲಿರುವ ರ‍್ಯಾಕಿನ ಕಥೆಯನ್ನು ಸುತ್ತಲಿನ ತಗಡೇ ಹೇಳುತ್ತದೆ. ಮುಂಭಾಗಕ್ಕೆ ಅಪಘಾತವಾದ ಕಾರಿನಿಂದ ಸ್ಟೇರಿಂಗಿನ ಯಾವ ಭಾಗವನ್ನೂ ಕೊಳ್ಳಬಾರದು, ಏಕೆಂದರೆ ಗಾಲಿಗೆ ಬಿದ್ದ ಪೆಟ್ಟು ನೇರವಾಗಿ ಟೈ ರಾಡಿನ ಮೂಲಕ ರ‍್ಯಾಕಿಗೆ ತಲುಪಿರುತ್ತದೆ. ಹಿಂಭಾಗಕ್ಕೆ ಡಿಕ್ಕಿಯಾಗಿಯೋ, ಎಂಜಿನ್ ಕೆಟ್ಟೋ, ನೋಂದಣಿಯ ಅವಧಿ ತೀರಿಯೋ ಗುಜರಿ ಸೇರಿದ ಕಾರೇ ಒಳ್ಳೆಯ ಮೂಲ. ಬಾನೆಟ್ ಎತ್ತಿ ಒಳಗಿನ ತಗಡಿನಲ್ಲಿ ಸುಕ್ಕು, ಹೊಸ ವೆಲ್ಡಿಂಗ್, ಒಂದೇ ಕಡೆ ಬೇರೆಯಾದ ಬಣ್ಣ ಕಾಣುತ್ತದೆಯೇ ಎಂದು ನೋಡಬೇಕು; ಮುಂದಿನ ಎರಡು ಟೈರುಗಳ ಸವೆತ ಸಮನಾಗಿದ್ದರೆ ಅದು ಭರವಸೆಯ ಗುರುತು, ಒಂದು ಟೈರಿನ ಒಂದೇ ಅಂಚು ತಿಂದುಹೋಗಿದ್ದರೆ ಎಚ್ಚರಿಕೆಯ ಗುರುತು. ರ‍್ಯಾಕಿನ ಎರಡೂ ತುದಿಗಳಲ್ಲಿ ತಿದಿಯಂತೆ ಮಡಿಕೆಮಡಿಕೆಯಾಗಿರುವ ರಬ್ಬರ್ ಬೂಟುಗಳು ಹರಿಯದೆ ಉಳಿದಿದ್ದರೆ, ಒಳಗಿನ ಉಕ್ಕು ಸಹ ಉಳಿದಿರುವ ಸಂಭವ ಹೆಚ್ಚು. ಆ ಬೂಟುಗಳನ್ನು ಮರುಬಳಕೆ ಮಾಡಬಾರದು, ಆದರೆ ಸಾಕ್ಷಿಯಾಗಿ ಅವು ಬಹಳ ಬೆಲೆಯುಳ್ಳವು.

ಬಿಚ್ಚಿದ ರ‍್ಯಾಕಿನ ಪರೀಕ್ಷೆಗೆ ಅರ್ಧ ಗಂಟೆ ಮೀಸಲಿಡುವುದು ಅವಶ್ಯ. ರ‍್ಯಾಕಿನ ಬೆನ್ನ ಹಿಂದೆ ಸ್ಪ್ರಿಂಗ್ ಸಹಿತವಾದ ಒಂದು ಒತ್ತುಗುಂಡಿ ಇದ್ದು, ಅದು ರ‍್ಯಾಕನ್ನು ಪಿನಿಯನ್ನಿನ ಮೇಲೆ ಸದಾ ಒತ್ತಿ ಹಿಡಿದಿರುತ್ತದೆ. ಆ ಒತ್ತಡವನ್ನು ಹೆಚ್ಚು ಕಡಿಮೆ ಮಾಡಲು ಹೊರಗೆ ಒಂದು ಸ್ಕ್ರೂ ಇರುತ್ತದೆ. ಕಾರು ತನ್ನ ಆಯುಷ್ಯದ ಬಹುಭಾಗವನ್ನು ನೇರ ರಸ್ತೆಯಲ್ಲಿಯೇ ಕಳೆಯುವುದರಿಂದ ರ‍್ಯಾಕಿನ ನಡುವಿನ ಕೆಲವೇ ಹಲ್ಲುಗಳು ಸವೆಯುತ್ತವೆ, ಎರಡು ತುದಿಯ ಹಲ್ಲುಗಳು ಬಹುಮಟ್ಟಿಗೆ ಹೊಸದರಂತೆಯೇ ಉಳಿಯುತ್ತವೆ. ನಡುವಿನ ಸಡಿಲವನ್ನು ಮುಚ್ಚಲು ಸ್ಕ್ರೂವನ್ನು ಬಿಗಿದರೆ, ಚಕ್ರವನ್ನು ಪೂರ್ತಿ ತಿರುಗಿಸಿದಾಗ ಸವೆಯದ ತುದಿಯ ಹಲ್ಲುಗಳು ಬಂದು ಬಿಗಿಯಾಗುತ್ತವೆ. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳಬೇಕಾದ ಸ್ಟೇರಿಂಗ್ ಅಲ್ಲಿಯೇ ನಿಂತುಬಿಡುತ್ತದೆ. ಆದ್ದರಿಂದ ರ‍್ಯಾಕನ್ನು ವೈಸಿನಲ್ಲಿ ಮೆತ್ತಗೆ ಹಿಡಿಸಿ, ಪಿನಿಯನ್ನನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ತಿರುಗಿಸಿ ಒಟ್ಟು ಸುತ್ತುಗಳನ್ನು ಎಣಿಸಬೇಕು. ಅದರ ಅರ್ಧವೇ ನಡುಬಿಂದು. ಬಳಿಕ ನಡುವಿನಲ್ಲಿ, ಎಡದ ಅರ್ಧದಾರಿಯಲ್ಲಿ, ಬಲದ ಅರ್ಧದಾರಿಯಲ್ಲಿ, ಹೀಗೆ ಮೂರು ಕಡೆ ರ‍್ಯಾಕನ್ನು ಅಲುಗದಂತೆ ಹಿಡಿದು ಪಿನಿಯನ್ನನ್ನು ಮಾತ್ರ ಅತ್ತಿತ್ತ ಆಡಿಸಬೇಕು. ಮೂರೂ ಕಡೆ ಸಡಿಲ ಒಂದೇ ಸಮನಾಗಿದ್ದರೆ ಅದನ್ನು ಸ್ಕ್ರೂವಿನಿಂದ ಸರಿಪಡಿಸಬಹುದು; ನಡುವಿನಲ್ಲಿ ಮಾತ್ರ ಸಡಿಲವಿದ್ದು ಇಕ್ಕೆಲದಲ್ಲಿ ಬಿಗಿಯಿದ್ದರೆ ಆ ರ‍್ಯಾಕನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ತೆಗೆದುಕೊಳ್ಳಬಾರದು. ಎಲ್ಲಿಯಾದರೂ ಮರಳು ಅರೆದಂತೆ ಕರಕರ ಎಂದರೆ, ಅಥವಾ ಒಂದು ಹಲ್ಲಿನಿಂದ ಮತ್ತೊಂದಕ್ಕೆ ಹಾರಿದಂತೆ ಕೈಗೆ ತಟ್ಟಿದರೆ, ಅದೂ ತಿರಸ್ಕಾರಕ್ಕೆ ಸಾಕಾದ ಕಾರಣ.

ಬೂಟನ್ನು ಸರಿಸಿ ಒಳಗಿನ ದುಂಡು ಉಕ್ಕನ್ನು ಬಟ್ಟೆಯಿಂದ ಒರೆಸಿದಾಗ ಅದು ಕನ್ನಡಿಯಂತಿರಬೇಕು; ಉಗುರಿಗೆ ತಗಲುವ ತುಕ್ಕಿನ ಕುಳಿಗಳಿದ್ದರೆ ಅವು ಹೊರಗಿನ ಕವಚದ ತುದಿಯ ಬುಶ್ಶನ್ನು ಕೆಲವೇ ದಿನಗಳಲ್ಲಿ ಕೊರೆಯುತ್ತವೆ. ರ‍್ಯಾಕ್ ಬಾಗಿದೆಯೇ ಎಂದು ನೋಡಲು ಅದನ್ನು ಪೂರ್ತಿ ಹೊರತೆಗೆದು, ದಪ್ಪ ಗಾಜಿನ ಮೇಲೋ ನುಣುಪಾದ ಕಡಪ ಕಲ್ಲಿನ ಮೇಲೋ ಬೆನ್ನು ಕೆಳಗಾಗಿ ಮಲಗಿಸಿ, ಅಡಿಯಲ್ಲಿ ಬೆಳಕು ನುಸುಳುತ್ತದೆಯೇ ಎಂದು ಕಣ್ಣನ್ನು ಅದೇ ಮಟ್ಟಕ್ಕಿಳಿಸಿ ನೋಡಿದರೆ ದೊಡ್ಡ ಬಾಗು ತಿಳಿಯುತ್ತದೆ; ಸಣ್ಣ ಬಾಗನ್ನು ತಿಳಿಯಲು ಲೇತ್ ಶೆಡ್ಡಿನಲ್ಲಿ ಡಯಲ್ ಗೇಜ್ ಹಿಡಿಸಿ ತಿರುಗಿಸಬೇಕಾಗುತ್ತದೆ. ಎರಕದ ಅಥವಾ ಬಡಿದು ಮಾಡಿದ ಭಾಗಗಳಲ್ಲಿ, ಮುಖ್ಯವಾಗಿ ನಕಲ್ ಮತ್ತು ಡ್ರಾಪ್ ಆರ್ಮ್‌ಗಳಲ್ಲಿ, ಕಣ್ಣಿಗೆ ಕಾಣದ ಬಿರುಕನ್ನು ಹುಡುಕಲು ರೈಲ್ವೆ ಕಾರ್ಯಾಗಾರಗಳು ಬಳಸುತ್ತಿದ್ದ ಒಂದು ಹಳೆಯ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ: ಭಾಗವನ್ನು ಚೆನ್ನಾಗಿ ತೊಳೆದು ಸೀಮೆಎಣ್ಣೆಯಲ್ಲಿ ಕೆಲವು ಗಂಟೆ ನೆನೆಸಿ, ಮೇಲಿನ ಎಣ್ಣೆಯನ್ನೆಲ್ಲ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಬಳಿದು ಬಿಟ್ಟರೆ, ಬಿರುಕಿನಲ್ಲಿ ಅಡಗಿದ ಎಣ್ಣೆ ಮೆಲ್ಲಗೆ ಮೇಲೆ ಬಂದು ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಆ ಗೆರೆ ಎಳೆಯಷ್ಟೇ ಇದ್ದರೂ ಭಾಗ ಮರಳಿ ಗುಜರಿಗೇ ಹೋಗಬೇಕು.

ಪದ್ಮಿನಿಯ ಬಗೆಯ ಸ್ಟೇರಿಂಗ್ ಬಾಕ್ಸಿನಲ್ಲಿ ನೋಡಬೇಕಾದದ್ದು ಅಡ್ಡದಂಡದ ಬುಶ್: ಡ್ರಾಪ್ ಆರ್ಮನ್ನು ಮೇಲೆ ಕೆಳಗೆ ಎತ್ತಿದಾಗ ದಂಡವೂ ಅಲುಗಿದರೆ ಬುಶ್ ಹೋಗಿದೆ ಎಂದರ್ಥ, ಅದನ್ನು ಲೇತಿನಲ್ಲಿ ಹೊಸದಾಗಿ ಮಾಡಿಸಿ ಕೂರಿಸಲು ಸಾಧ್ಯ. ಒಳಗಿನ ತಿರುಪಿನ ಮೈ ಮೇಲೆ ಪದರ ಎದ್ದಿದ್ದರೆ, ಚುಕ್ಕೆಚುಕ್ಕೆಯಾಗಿ ಕಿತ್ತಿದ್ದರೆ, ಆ ಬಾಕ್ಸ್ ಬೇಡ. ಪೆಟ್ಟಿಗೆಯಲ್ಲಿ ಎಣ್ಣೆ ಸ್ವಲ್ಪವೂ ಇಲ್ಲದಿದ್ದರೆ ಅದು ಒಣಗಿಯೇ ಓಡಿದೆ ಎಂದು ತಿಳಿಯಬೇಕು.

ಕಾಲಮ್ಮಿನ ವಿಷಯದಲ್ಲಿ ಮುಖ್ಯವಾದದ್ದು ಸ್ಪ್ಲೈನ್, ಅಂದರೆ ಒಂದು ದಂಡ ಇನ್ನೊಂದರೊಳಗೆ ಜಾರದಂತೆ ಕಚ್ಚಿಕೊಳ್ಳಲು ಕೊರೆದ ಉದ್ದುದ್ದ ಗೀರುಗಳು. ಒಂದೇ ಹೆಸರಿನ ಕಾರಿನಲ್ಲಿಯೂ ತಯಾರಿಕೆಯ ವರ್ಷ ಬದಲಾದಂತೆ ಈ ಗೀರುಗಳ ಸಂಖ್ಯೆ, ದಂಡದ ಉದ್ದ ಬದಲಾಗಿರಬಹುದಾದ್ದರಿಂದ ಹಳೆಯ ಭಾಗವನ್ನು ಜೊತೆಗೇ ಒಯ್ದು, ಗೀರುಗಳನ್ನು ಎಣಿಸಿ, ಪಕ್ಕಪಕ್ಕದಲ್ಲಿಟ್ಟು ಅಳೆದು ಕೊಳ್ಳಬೇಕು. ಸುತ್ತಿಗೆಯಿಂದ ಹೊಡೆದರೆ ಮಾತ್ರ ಕೂರುವ ಸ್ಪ್ಲೈನ್ ಆ ಕಾರಿನದಲ್ಲ. ಹಲವು ಕಾರುಗಳ ಕಾಲಮ್ ಅಪಘಾತದಲ್ಲಿ ಚಾಲಕನ ಎದೆಗೆ ತಿವಿಯದೆ ತನ್ನೊಳಗೇ ಕುಸಿಯುವಂತೆ ರಚಿತವಾಗಿರುತ್ತದೆ. ಒಮ್ಮೆ ಕುಸಿದ ಕಾಲಮನ್ನು ಎಳೆದು ಉದ್ದ ಮಾಡಿ ಮಾರಿದರೆ ಅದು ಮುಂದಿನ ಅಪಘಾತದಲ್ಲಿ ಕಾಯುವುದಿಲ್ಲ. ವಿದ್ಯುತ್ ಮೋಟಾರಿನ ಪವರ್ ಸ್ಟೇರಿಂಗ್ ಇರುವ ಸ್ವಲ್ಪ ಈಚಿನ ಕಾರುಗಳಲ್ಲಿ ಮೋಟಾರು, ತಿರುಚುವ ಬಲವನ್ನು ಅಳೆಯುವ ಸೆನ್ಸರ್, ನಿಯಂತ್ರಕ ಪೆಟ್ಟಿಗೆಗಳು ಒಂದಕ್ಕೊಂದು ಹೊಂದಿಸಿದ ಜೋಡಿಗಳಾಗಿರುವುದರಿಂದ ಒಂದೊಂದನ್ನೇ ಬೇರೆ ಬೇರೆ ವಾಹನದಿಂದ ತರಬಾರದು. ಏರ್‌ಬ್ಯಾಗನ್ನಂತೂ ಗುಜರಿಯಿಂದ ತರಲೇಬಾರದು. ಅದು ರಾಸಾಯನಿಕ ಸ್ಫೋಟದಿಂದ ಕೆಲಸ ಮಾಡುವ ವಸ್ತು, ಅದರ ಸ್ಥಿತಿಯನ್ನು ಹೊರಗಿನಿಂದ ತಿಳಿಯುವ ದಾರಿಯಿಲ್ಲ.

ಬೆಂಕಿಯಲ್ಲಿ ಕಾಯಿಸಿ ಬಡಿದು ನೇರ ಮಾಡಿದ ಟೈ ರಾಡ್, ವೆಲ್ಡಿಂಗ್ ಮಾಡಿದ ನಕಲ್, ತುಂಡನ್ನು ಬೆಸೆದು ಉದ್ದ ಮಾಡಿದ ಕಾಲಮ್, ಇವು ಮೂರೂ ಶೆಡ್ಡುಗಳಲ್ಲಿ ಆಗಾಗ ಕಾಣಸಿಗುವ ‘ಜುಗಾಡ್’ಗಳು. ಸ್ಟೇರಿಂಗಿನ ಉಕ್ಕಿಗೆ ಕಾರ್ಖಾನೆಯಲ್ಲಿ ನಿರ್ದಿಷ್ಟ ಶಾಖದಲ್ಲಿ ಕಾಯಿಸಿ ತಣಿಸಿ ಗಡಸು ಕೊಟ್ಟಿರುತ್ತಾರೆ. ಗ್ಯಾಸಿನ ಜ್ವಾಲೆ ತಾಗಿದೊಡನೆ ಆ ಹದ ಕೆಡುತ್ತದೆ, ಒಂದು ಕಡೆ ಮೆತ್ತಗಾಗಿ ಅದರ ಪಕ್ಕದಲ್ಲಿಯೇ ಪೆಡಸಾಗಿ, ಬಿರುಕು ಹುಟ್ಟುವುದಕ್ಕೆ ತಕ್ಕ ಜಾಗ ಸಿದ್ಧವಾಗುತ್ತದೆ. ಬೆಸುಗೆ ನೋಡಲು ಎಷ್ಟು ಸೊಗಸಾಗಿದ್ದರೂ ಇದು ತಪ್ಪುವುದಿಲ್ಲ. ನಲವತ್ತು ವರ್ಷ ಅನುಭವದ ಕೈ ಮಾಡಿದ್ದೆಂಬ ಮಾತು ಸಹ ಇಲ್ಲಿ ಆಧಾರವಾಗಲಾರದು.

ಕೊಳ್ಳುವಾಗ ಚೀಟಿ ಬರೆಸಿಕೊಳ್ಳುವುದನ್ನು ಮರೆಯಬಾರದು. ಕೌಲ್ ಬಜಾರ್ ಬಡಾವಣೆಯ ಹೆಸರಿನಲ್ಲಿರುವ ‘ಕೌಲು’ ಎಂಬ ಹಳೆಯ ಕಂದಾಯ ಪದಕ್ಕೆ ಕರಾರು, ಭರವಸೆಯ ಪತ್ರ ಎಂಬ ಅರ್ಥವಿದೆ. ಗುಜರಿ ವ್ಯಾಪಾರಕ್ಕೂ ಅಂಥ ಒಂದು ಪತ್ರ ಬೇಕು. ಅದರಲ್ಲಿ ದಿನಾಂಕ, ಅಂಗಡಿಯ ಹೆಸರು, ಭಾಗ ಬಂದ ವಾಹನದ ನೋಂದಣಿ ಸಂಖ್ಯೆ ಅಥವಾ ಚಾಸಿ ನಂಬರ್ ಇದ್ದರೆ ಕಳವಿನ ಮಾಲಿನ ಸಂದೇಹ ಎದುರಾದಾಗ ಕೊಂಡವನಿಗೆ ರಕ್ಷಣೆಯಾಗುತ್ತದೆ. 2021ರ ಸೆಪ್ಟೆಂಬರಿನಲ್ಲಿ ಹೊರಬಿದ್ದ ಕೇಂದ್ರದ ನಿಯಮಗಳು ವಾಹನಗಳನ್ನು ಬಿಚ್ಚಿ ನಾಶಗೊಳಿಸುವ ಕೇಂದ್ರಗಳಿಗೆ ನೋಂದಣಿಯ ವ್ಯವಸ್ಥೆಯನ್ನು ರೂಪಿಸಿವೆ. ಅಂಥ ಕಡೆಯಿಂದ ಬಂದ ಭಾಗಕ್ಕೆ ದಾಖಲೆಯ ಬಲವಿರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅದೇ ಮಾದರಿಯ ಭಾಗವನ್ನು ಅದೇ ಜಾಗದಲ್ಲಿ ಕೂರಿಸುವುದು ದುರಸ್ತಿ. ಬಾಕ್ಸ್ ಬಗೆಯ ಕಾರಿಗೆ ಬೇರೆ ಕಾರಿನ ರ‍್ಯಾಕನ್ನು ಹೊಂದಿಸಲು ಹೊರಟರೆ ಅದು ವಾಹನದ ಮಾರ್ಪಾಡಾಗಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ.

ಬಿಚ್ಚುವ ಮತ್ತು ಜೋಡಿಸುವ ಕೆಲಸದಲ್ಲಿ ಕೆಲವು ಎಚ್ಚರಗಳು ಎಲ್ಲ ಮಾದರಿಗಳಿಗೂ ಒಂದೇ. ಟೈ ರಾಡ್ ಎಂಡಿನ ಮೊಳೆ ಶಂಕುವಿನಾಕಾರದಲ್ಲಿ ನಕಲಿನ ಕಣ್ಣಿಗೆ ಕಚ್ಚಿರುತ್ತದೆ. ಅದರ ಮರೆಯ, ಅಂದರೆ ತಿರುಪಿನ ಗೀರುಗಳ, ಮೇಲೆ ಹೊಡೆದರೆ ಮರೆ ಹಾಳಾಗುವುದಷ್ಟೇ ಲಾಭ, ಆದ್ದರಿಂದ ಪುಲ್ಲರ್ ಹಾಕಬೇಕು. ಹಳೆಯ ಎಂಡನ್ನು ತಿರುಗಿಸಿ ತೆಗೆಯುವಾಗ ಸುತ್ತುಗಳನ್ನು ಎಣಿಸಿ ಬರೆದಿಟ್ಟು, ಹೊಸದನ್ನು ಅಷ್ಟೇ ಸುತ್ತು ಕೂರಿಸಿದರೆ ಅಲೈನ್‌ಮೆಂಟ್ ಅಂಗಡಿಯವರೆಗೆ ಕಾರು ಬಹುಮಟ್ಟಿಗೆ ನೇರವಾಗಿ ಓಡುತ್ತದೆ. ಸ್ಟೇರಿಂಗ್ ಚಕ್ರವನ್ನು ದಂಡದಿಂದ ಕೀಳುವಾಗ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಮರೆಗಳ ಮೇಲೆ ಬಿಟ್ಟಿದ್ದರೆ, ಚಕ್ರ ಒಮ್ಮೆಲೆ ಬಿಟ್ಟು ಮುಖಕ್ಕೆ ಬಡಿಯುವುದು ತಪ್ಪುತ್ತದೆ. ರ‍್ಯಾಕನ್ನು ಸೀಮೆಎಣ್ಣೆಯಿಂದ ತೊಳೆದು, ಹಳೆಯ ಕೆಂಪು ಗ್ರೀಸಿನ ಒಂದು ಕಣವೂ ಉಳಿಯದಂತೆ ಒರೆಸಿ, ಹೊಸ ಲಿಥಿಯಂ ಗ್ರೀಸ್ ಸವರಿ, ಹೊಸ ಬುಶ್, ಹೊಸ ಬೂಟುಗಳೊಂದಿಗೆ ಮುಚ್ಚಬೇಕು. ಒತ್ತುಗುಂಡಿಯ ಸ್ಕ್ರೂವನ್ನು ಬಿಗಿದು ಆಮೇಲೆ ಎಷ್ಟು ಹಿಂದಕ್ಕೆ ಬಿಡಬೇಕೆಂಬುದು ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ, ಅಂದಾಜು ಸಲ್ಲದು.

ರ‍್ಯಾಕ್ ನಡುಬಿಂದುವಿನಲ್ಲಿ, ಚಕ್ರ ನೇರವಾಗಿ, ಗಾಲಿಗಳು ನೇರವಾಗಿ, ಈ ಮೂರೂ ಕೂಡಿದಾಗ ಮಾತ್ರ ಯೂನಿವರ್ಸಲ್ ಜಾಯಿಂಟಿನ ಬೋಲ್ಟನ್ನು ಬಿಗಿಯಬೇಕು, ಮತ್ತು ಆ ಬೋಲ್ಟು ದಂಡದ ಮೇಲಿನ ಅಡ್ಡ ತೋಡಿನಲ್ಲಿ ಕೂತಿದೆಯೆಂದು ಕಣ್ಣಾರೆ ನೋಡಿಕೊಳ್ಳಬೇಕು. ಟೈ ರಾಡ್ ಎಂಡಿನ ಕಿರೀಟದಂತಿರುವ ನಟ್ಟನ್ನು ಹೇಳಿದಷ್ಟು ಬಿಗಿದ ಮೇಲೆ ಪಿನ್ನಿನ ತೂತು ಸರಿಯಾಗಿ ಎದುರಿಗೆ ಬಾರದಿದ್ದರೆ ಮುಂದಿನ ಸೀಳಿಗೆ ಬರುವವರೆಗೆ ಇನ್ನಷ್ಟು ಬಿಗಿಯಬೇಕೇ ಹೊರತು ಸಡಿಲಿಸಿ ಹೊಂದಿಸಬಾರದು. ಸ್ಪ್ಲಿಟ್ ಪಿನ್ನು ಪ್ರತಿ ಸಲವೂ ಹೊಸದು. ಕೆಲವೇ ರೂಪಾಯಿಯ ಈ ತಂತಿಯ ಬದಲಿಗೆ ಮೊಳೆಯನ್ನೋ ಕಟ್ಟುವ ತಂತಿಯನ್ನೋ ತೂರಿಸಿದ್ದು ಕಂಡರೆ ಆ ಶೆಡ್ಡಿನಲ್ಲಿ ಸ್ಟೇರಿಂಗಿನ ಕೆಲಸ ಮಾಡಿಸಬಾರದು.

ಎಲ್ಲವೂ ಮುಗಿದ ಮೇಲೆ, ಗಾಲಿಗಳನ್ನು ಎತ್ತಿರುವಾಗಲೇ ಚಕ್ರವನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಬ್ರೇಕಿನ ರಬ್ಬರ್ ನಳಿಗೆ ಎಳೆಯುತ್ತಿಲ್ಲವೆಂದೂ ಟೈರು ಎಲ್ಲಿಯೂ ಉಜ್ಜುತ್ತಿಲ್ಲವೆಂದೂ ಬೂಟು ತಿರುಚಿಕೊಂಡಿಲ್ಲವೆಂದೂ ನೋಡಬೇಕು. ಮೊದಲ ಓಟ ಸಿರುಗುಪ್ಪದ ಹೆದ್ದಾರಿಯಲ್ಲಲ್ಲ, ಜನರಿಲ್ಲದ ಬಯಲಿನಲ್ಲಿ, ನಡಿಗೆಯ ವೇಗದಲ್ಲಿ ನಡೆಯಬೇಕು. ತಿರುವಿನಿಂದ ಚಕ್ರ ತಾನಾಗಿ ಮರಳುತ್ತದೆಯೇ ಎಂಬುದೇ ಅಲ್ಲಿನ ಪರೀಕ್ಷೆ. ಅನಂತರ ಅಲೈನ್‌ಮೆಂಟ್ ಮಾಡಿಸಿ, ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಕಾರನ್ನು ಮತ್ತೆ ಎತ್ತಿ ಪ್ರತಿಯೊಂದು ನಟ್ಟಿಗೂ ಪಾನಾ ಹಾಕಿ ನೋಡಬೇಕು. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದಾಗ ಐದು ವರ್ಷದ ನವೀಕರಣಕ್ಕಾಗಿ ಸಾರಿಗೆ ಕಚೇರಿಯ ತಪಾಸಣೆಗೆ ಒಯ್ಯಬೇಕಾಗುತ್ತದೆ. ‘ಕೆಎ 34’ರ ಹಳೆಯ ಕಾರಿನ ಒಡೆಯ ಆ ದಿನ ಗುಜರಿಯ ಚೀಟಿ, ಹೊಸ ಕೀಲುಗಳ ಬಿಲ್ಲು, ಅಲೈನ್‌ಮೆಂಟಿನ ಅಳತೆಪಟ್ಟಿ, ಈ ಮೂರನ್ನೂ ಆರ್‌ಸಿಯ ಜೊತೆ ಒಂದೇ ಲಕೋಟೆಯಲ್ಲಿ ಇಟ್ಟುಕೊಂಡು ಹೋಗುವುದು ಒಳ್ಳೆಯದು.